ದೊಡ್ಡ ಮನೆಗೆ ಹೆಚ್ಚು ತೆರಿಗೆ: ಮನೆ ನೋಡಿಯಾ, ಮನೆಯವರನ್ನು ನೋಡಿಯಾ?

ನಮ್ಮ ದಕ್ಷಿಣ ಕನ್ನಡದ ಹಿರಿಯರಿಗೆ ಸರಕಾರಕ್ಕೆ ಕಟ್ಟುವುದೆಲ್ಲ ‘ತೀರ್ವೆ’. ಜಾಗದ್ದಾದರೂ ಅದೇ, ಮನೆಯದ್ದಾದರೂ ಅದೇ. ಕಾರವಾರ, ಅಂಕೋಲಾ ಕಡೆ ಬಂದರೆ ಮನೆ ತೆರಿಗೆಗೆ ‘ಘರಪಟ್ಟಿ’ ಅಂತ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, 1956ರವರೆಗೂ ಈ ಜಿಲ್ಲೆ ಆ ಕಡೆಯೇ ಇತ್ತು. ಆಗಿನ ಕಚೇರಿಯ ಮಾತು ಇನ್ನೂ ಜನರ ಬಾಯಲ್ಲಿ ಉಳಿದಿದೆ. ಹೆಸರು ಯಾವುದೇ ಇರಲಿ, ಏಪ್ರಿಲ್ ತಿಂಗಳು ಬಂತೆಂದರೆ ಎರಡೂ ಜಿಲ್ಲೆಯ ಮನೆಗಳಲ್ಲಿ ಮಾತು ಒಂದೇ. ಈ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಉಂಟು, ಯಾರು ಹೋಗಿ ಕಟ್ಟುವುದು, ಈ ಸಲ ಎಷ್ಟು ಏರಿದೆ.

ಈಚೆಗೆ ಈ ಮಾತಿಗೆ ಇನ್ನೊಂದು ಎಳೆ ಸೇರಿಕೊಂಡಿದೆ. ಬೆಲೆಬಾಳುವ ಮನೆಗಳಿಗೆ ಉಳಿದವರಿಗಿಂತ ಹೆಚ್ಚಿಗೆ ತೆರಿಗೆ ಹಾಕುವುದು ನ್ಯಾಯವಾ? ಬ್ರಿಟನ್ ಸರಕಾರ 2025ರ ನವೆಂಬರ್ ಬಜೆಟ್‌ನಲ್ಲಿ, ಇಂಗ್ಲೆಂಡಿನಲ್ಲಿ 20 ಲಕ್ಷ ಪೌಂಡಿಗಿಂತ ಹೆಚ್ಚು ಬೆಲೆಯ ಮನೆಗಳಿಗೆ 2028ರ ಏಪ್ರಿಲ್‌ನಿಂದ ವರ್ಷಕ್ಕೆ 2,500ರಿಂದ 7,500 ಪೌಂಡಿನವರೆಗೆ ಹೆಚ್ಚುವರಿ ತೆರಿಗೆ ಎಂದು ಪ್ರಕಟಿಸಿತು. ಆ ಸುದ್ದಿ ಬಂದ ಮೇಲೆ ನಮ್ಮಲ್ಲೂ ಚರ್ಚೆ. ಒಬ್ಬರು ಹೇಳ್ತಾರೆ, ‘ಮೂರು ಮಾಳಿಗೆ ಕಟ್ಟಿಸಿದವನಿಗೆ ವರ್ಷಕ್ಕೆ ಹತ್ತು ಸಾವಿರ ಯಾವ ಲೆಕ್ಕ? ಕೊಡಲಿ’. ಇನ್ನೊಬ್ಬರು ಹೇಳ್ತಾರೆ, ‘ಇಪ್ಪತ್ತೈದು ವರ್ಷ ಗಲ್ಫಿನಲ್ಲಿ ಬಿಸಿಲು ತಿಂದು ಕಟ್ಟಿಸಿದ ಮನೆ ಮಾರಾಯ್ರೆ. ಸಿಮೆಂಟಿಗೆ ತೆರಿಗೆ ಕೊಟ್ಟೆ, ಕಬ್ಬಿಣಕ್ಕೆ ಕೊಟ್ಟೆ, ರಿಜಿಸ್ಟ್ರಿಗೆ ಕೊಟ್ಟೆ. ಇನ್ನು ಮನೆ ಚಂದ ಇದೆ ಅಂತ ಬೇರೆ ಕೊಡಬೇಕಾ?’

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದ್ದವನು ಹೆಚ್ಚು ಕೊಡುವುದು ನ್ಯಾಯವೇ. ಆದರೆ ‘ಇದ್ದವನು’ ಯಾರು ಎಂದು ಅಳೆಯುವ ಕೋಲು ಸರಿಯಿರಬೇಕು. ಗೋಡೆ ಅಳೆಯುವ ಕೋಲಿಗೆ ಒಳಗೆ ಯಾರಿದ್ದಾರೆ ಎಂದು ಗೊತ್ತಾಗುವುದಿಲ್ಲ. ಕಾರವಾರ, ಅಂಕೋಲಾದಂಥ ಊರಿನಲ್ಲಿ ಎಡವಟ್ಟಾಗುವುದು ಅಲ್ಲಿಯೇ.

ಎಲ್ಲರಿಗೂ ಒಂದೇ ತೆರಿಗೆ ಹಾಕಿದರೆ ಏನಾಗುತ್ತದೆ ಎಂದು ಅಂಕೋಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯ್ದೆ ಮುರಿದ ಊರು ಇದು. ಉಪ್ಪಿನ ತೆರಿಗೆ ಯಾಕೆ ಅಷ್ಟು ಉರಿ ಹಚ್ಚಿತು? ಶ್ರೀಮಂತನ ಗಂಜಿಗೂ ಬಡವನ ಗಂಜಿಗೂ ಬೀಳುವ ಉಪ್ಪು ಒಂದೇ ಚಿಟಿಕೆ, ತೆರಿಗೆಯೂ ಒಂದೇ. ಆ ಬಳಿಕ ಕರ ನಿರಾಕರಣೆ ನಡೆಯಿತು. ಅಂಕೋಲಾ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟದೆ ಜಮೀನು ಕಳಕೊಂಡರು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲಷ್ಟೇ ಆ ಭೂಮಿ ಹಿಂದಿರುಗುವ ದಾರಿಯಾಯಿತು. ಕರ್ನಾಟಕದ ಬಾರ್ಡೋಲಿ ಅಂತ ಅಂಕೋಲೆಗೆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಹಾಗಾಗಿ ‘ಎಲ್ಲರಿಗೂ ಸಮ’ ಎಂದು ಹೇಳಿದ ಮಾತ್ರಕ್ಕೆ ತೆರಿಗೆ ನ್ಯಾಯದ್ದಾಗುವುದಿಲ್ಲ.

ಕಾಸರಗೋಡಿನ ಅಡಿಕೋಲು

ನಮ್ಮ ಕರ್ನಾಟಕದಲ್ಲಿ ದೊಡ್ಡ ಮನೆಗೆಂದೇ ಪ್ರತ್ಯೇಕ ತೆರಿಗೆ ಇಲ್ಲ. ಆದರೆ ಪಕ್ಕದ ಕೇರಳದಲ್ಲಿ ಇದೆ, ಅದೂ ಈಚಿನದ್ದಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ನೆಂಟರಿರುವ ಬ್ಯಾರಿ ಮನೆಗಳಿಗೆ ಇದು ಗೊತ್ತು. ಕೇರಳ ಕಟ್ಟಡ ತೆರಿಗೆ ಕಾಯ್ದೆ 1975ರದ್ದು. ಮನೆ ಕಟ್ಟಿ ಮುಗಿದಾಗ ಒಂದು ಸಲ ಕಟ್ಟುವ ತೆರಿಗೆ ಅದು. ಅದರೊಳಗೆ 1999ರಲ್ಲಿ ಒಂದು ಕಲಮು ಸೇರಿಸಿದರು. ಆ ವರ್ಷದ ಏಪ್ರಿಲ್ 1ರ ನಂತರ ಕಟ್ಟಿ ಮುಗಿಸಿದ ವಾಸದ ಮನೆಯ ವಿಸ್ತೀರ್ಣ 278.7 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ವರ್ಷ ‘ಆಡಂಬರ ತೆರಿಗೆ’. ನಮ್ಮ ಲೆಕ್ಕದಲ್ಲಿ 3,000 ಚದರ ಅಡಿ. ಆರಂಭದಲ್ಲಿ ವರ್ಷಕ್ಕೆ 2,000 ರೂಪಾಯಿ ಇತ್ತು. ಆಮೇಲೆ ವಿಸ್ತೀರ್ಣ ಹೆಚ್ಚಿದಂತೆ ತೆರಿಗೆಯೂ ಹೆಚ್ಚುವ ಹಾಗೆ ಹಂತ ಮಾಡಿ ಏರಿಸಿದರು.

ಇಲ್ಲಿ ಒಂದು ತಮಾಷೆ ಉಂಟು. ಬರೀ ಅಡಿ ಅಳೆದು ತೆರಿಗೆ ಹಾಕುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು ಇದೇ ಕೇರಳಕ್ಕೆ 1968ರಲ್ಲಿ ಹೇಳಿತ್ತು. ಆ ಮೊಕದ್ದಮೆಯಲ್ಲಿ ಸರಕಾರದ ಎದುರು ನಿಂತವರು ಹಾಜಿ ಕುಟ್ಟಿ ನಹ, ಮಲಬಾರಿನ ಮಾಪಿಳ್ಳೆ. 1961ರ ಕೇರಳ ಕಟ್ಟಡ ತೆರಿಗೆ ಕಾಯ್ದೆ ನೆಲದ ವಿಸ್ತೀರ್ಣ ಒಂದನ್ನೇ ನೋಡುತ್ತಿತ್ತು. ಕಟ್ಟಡ ಪೇಟೆಯಲ್ಲಿದೆಯೋ ಹಳ್ಳಿಯಲ್ಲಿದೆಯೋ, ಹಂಚಿನದೋ ತಾರಸಿಯದೋ, ಏನು ಬೆಲೆ, ಏನು ಉಪಯೋಗ, ಯಾವುದನ್ನೂ ಕೇಳುತ್ತಿರಲಿಲ್ಲ. ಬೇರೆಬೇರೆಯಾಗಿರುವುದನ್ನು ಒಂದೇ ಎಂದು ಕಾಣುವುದೂ ಅಸಮಾನತೆಯೇ ಎಂಬ ಅರ್ಥದಲ್ಲಿ ಕೋರ್ಟು ಅದನ್ನು ಸಂವಿಧಾನದ 14ನೇ ವಿಧಿಯ ಕೆಳಗೆ ರದ್ದು ಮಾಡಿತು. ಮೂವತ್ತು ವರ್ಷ ಕಳೆದ ಮೇಲೆ ಆಡಂಬರ ತೆರಿಗೆ ಬಂದಾಗ ಮತ್ತೆ ಕೈಗೆ ಬಂದದ್ದು ಅದೇ ಅಡಿಕೋಲು.

ಅಡಿಕೋಲಿಗೆ ಒಂದು ಗುಣ ಇದೆ, ಅದನ್ನೂ ಹೇಳಬೇಕು. ಅಳೆಯುವುದು ಸುಲಭ, ಲಂಚಕ್ಕೆ ಜಾಗ ಕಡಿಮೆ. ಬೆಲೆ ಕಟ್ಟುವುದಾದರೆ ಅಧಿಕಾರಿಯ ಮರ್ಜಿ, ಅಡಿ ಎಣಿಸಲು ಟೇಪು ಸಾಕು. ಆದರೆ ಕೋಲು ಯಾವುದೋ ಜನ ಅದಕ್ಕೆ ತಕ್ಕ ಹಾಗೆ ಮನೆ ಕಟ್ಟುತ್ತಾರೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕಿದರು. ಹೆಚ್ಚು ಕಿಟಕಿ ಇದ್ದರೆ ದೊಡ್ಡ ಮನೆ, ದೊಡ್ಡ ಮನೆ ಇದ್ದರೆ ಶ್ರೀಮಂತ ಎಂಬ ಲೆಕ್ಕ. ಜನ ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿಬಿಟ್ಟರು. ಗಾಳಿ ಬೆಳಕಿಲ್ಲದೆ ಹೆಚ್ಚು ಕಷ್ಟಪಟ್ಟದ್ದು ಬಾಡಿಗೆಗೆ ಇದ್ದ ಬಡವರು. ಉಪ್ಪಳದ ಕಡೆ ನಕ್ಷೆ ಬರೆಸುವಾಗ ‘3,000ದ ಒಳಗೆ ನಿಲ್ಲಿಸಿ’ ಎಂದು ಎಂಜಿನಿಯರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. 2,950 ಅಡಿಯ ಮನೆಯೊಳಗೆ ಇಟಲಿಯ ಮಾರ್ಬಲ್ ಹಾಸಿದರೂ ಅದು ಆಡಂಬರ ಅಲ್ಲ. ಎರಡು ಸಂಸಾರ ಒಟ್ಟಿಗೆ ಬಾಳಲು ಸಾದಾ ರೆಡಾಕ್ಸೈಡ್ ನೆಲದ 3,100 ಅಡಿ ಕಟ್ಟಿಸಿದರೆ ಆಡಂಬರ!

ಬೆಲೆಯೇ ಮನೆಯ ಹತ್ತಿರ ಬಂದದ್ದು

ಹಾಗಾದರೆ ಬೆಲೆ ನೋಡಿ ತೆರಿಗೆ ಹಾಕಿದರೆ ಸರಿಯಾಯಿತಲ್ಲ? ಕರ್ನಾಟಕದಲ್ಲಿ ಇರುವುದು ಹೆಚ್ಚುಕಡಿಮೆ ಅದೇ. ಕಾರವಾರ ನಗರಸಭೆಯಾಗಲಿ, ಅಂಕೋಲಾ ಪುರಸಭೆಯಾಗಲಿ, ಆಸ್ತಿ ತೆರಿಗೆಯ ಬುಡದಲ್ಲಿರುವುದು ನೋಂದಣಿ ಇಲಾಖೆಯ ಮಾರ್ಗಸೂಚಿ ದರ. 2021ರ ತಿದ್ದುಪಡಿಯ ಪ್ರಕಾರ ಜಾಗ ಮತ್ತು ಕಟ್ಟಡದ ಮಾರ್ಗಸೂಚಿ ಬೆಲೆಯ ಶೇ. 25ನ್ನು ತೆರಿಗೆಯ ಮೌಲ್ಯ ಎಂದು ಹಿಡಿದು, ಅದರ ಮೇಲೆ ಕೌನ್ಸಿಲು ನಿಗದಿ ಮಾಡಿದ ದರ ಹಾಕುತ್ತಾರೆ. ಕಟ್ಟಡ ಹಳತಾದಷ್ಟು ಸವಕಳಿ ಕಳೆಯುತ್ತಾರೆ. ಮೇಲಿನಿಂದ ಆರೋಗ್ಯ ಉಪಕರ, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3 ಇತ್ಯಾದಿ. (ಭಿಕ್ಷುಕರ ಪುನರ್ವಸತಿಗೆ ತಾವೂ ವರ್ಷಾವರ್ಷ ಕೊಡುತ್ತಿದ್ದೇವೆ ಎಂದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಚೀಟಿ ಒಮ್ಮೆ ಓದಿ ನೋಡಿ.) ಪಟ್ಟಣದ ಗಡಿ ದಾಟಿದರೆ ಗ್ರಾಮ ಪಂಚಾಯತಿ, ಅಲ್ಲಿಯ ನಿಯಮ ಬೇರೆ.

ಅಂದರೆ ಬೆಲೆ ಹೆಚ್ಚಿರುವ ಮನೆ ಈಗಲೂ ಹೆಚ್ಚು ಕಟ್ಟುತ್ತಿದೆ. 80 ಲಕ್ಷದ ಮನೆ 20 ಲಕ್ಷದ ಮನೆಗಿಂತ ನಾಲ್ಕು ಪಟ್ಟು. ‘ಹೆಚ್ಚುವರಿ’ ಅಂದರೆ ಇದರ ಮೇಲೆ ಇನ್ನಷ್ಟು, ನಾಲ್ಕು ಪಟ್ಟಿನ ಬದಲು ಆರು ಪಟ್ಟು. ಪ್ರಶ್ನೆ ಇರುವುದು ಆ ಮೇಲಿನ ಎರಡು ಪಟ್ಟಿನ ಬಗ್ಗೆ.

ಈಗ ಕಾರವಾರ, ಅಂಕೋಲಾದ ಜಾಗದ ಬೆಲೆ ಹೇಗೆ ಏರಿತು ನೋಡಿ. ಗೋವಾ ಗಡಿ ಪಕ್ಕದಲ್ಲೇ. ಸೀಬರ್ಡ್ ಯೋಜನೆಗೆ 1986ರಲ್ಲಿ ಶಿಲಾನ್ಯಾಸ ಆಯಿತು, 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಹೆದ್ದಾರಿ 66 ಚತುಷ್ಪಥ ಆಯಿತು. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಬಂದರು, ಹುಬ್ಬಳ್ಳಿ–ಅಂಕೋಲಾ ರೈಲು ಎಂದು ಒಂದರ ಹಿಂದೆ ಒಂದು ಮಾತು. ಒಂದೊಂದು ಮಾತಿಗೂ ದಲ್ಲಾಳಿಗಳು ಬೆಲೆ ಏರಿಸುತ್ತಾರೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಮಾರ್ಗಸೂಚಿ ದರವೂ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಯಿತು. ಇದು ಗುಡಿಸಲಿಗೂ ಬಂಗಲೆಗೂ ಒಂದೇ.

ಇದರ ನಡುವೆ ಮನೆಯವನು ಎಲ್ಲಿದ್ದಾನೆ? ಕೋಡಿಬಾಗದಲ್ಲೋ ಬೈತಖೋಲದಲ್ಲೋ ಅಜ್ಜನ ಕಾಲದ ಹಂಚಿನ ಮನೆ. ಮಗ ಮೀನಿನ ಪೆಟ್ಟಿಗೆ ಹೊರುತ್ತಾನೆ, ಇಲ್ಲವೆ ಲಾರಿಯಲ್ಲಿ ಮಂಜುಗಡ್ಡೆ ಸಾಗಿಸುತ್ತಾನೆ. ಬಾವಿ ಅದೇ, ಹಲಸಿನ ಮರ ಅದೇ, ಸೋರುವ ಮಾಡೂ ಅದೇ. ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಹಿಂದೆ ಆ ಜಾಗ, ಮನೆ ಸೇರಿ ಮಾರ್ಗಸೂಚಿಯಲ್ಲಿ 5 ಲಕ್ಷ ಇತ್ತು, ಈಗ 40 ಲಕ್ಷ. ಶೇ. 25 ಅಂದರೆ 10 ಲಕ್ಷ. ದರ ಶೇ. ಅರ್ಧ ಎಂದುಕೊಂಡರೆ ವರ್ಷಕ್ಕೆ 5,000 ರೂಪಾಯಿ, ಮೇಲೆ ಉಪಕರ. ಮೊದಲು ಇದೇ ಲೆಕ್ಕದಲ್ಲಿ 625 ರೂಪಾಯಿ ಇತ್ತು. ಮನೆಯವನ ದುಡಿಮೆ ಎಂಟು ಪಟ್ಟು ಆಯಿತಾ? ಆತ ಬೆಲೆಯ ಹತ್ತಿರ ಹೋದದ್ದಲ್ಲ, ಬೆಲೆಯೇ ಆತನ ಅಂಗಳಕ್ಕೆ ಬಂದು ಕೂತದ್ದು. ‘ಮಾರಿದರೆ ಕೋಟಿ ಬರುತ್ತದಲ್ಲ’ ಎನ್ನುವವರಿಗೆ ಉತ್ತರ ಸುಲಭ. ಮಾರಿದ ದಿನ ಬಂದು ತೆಗೆದುಕೊಳ್ಳಿ. ಮಾರದೆ ಅಲ್ಲೇ ಬಾಳುವವನಿಗೆ ಆ ಕೋಟಿ ಕಾಗದದ ಮೇಲಿನ ಸಂಖ್ಯೆ ಮಾತ್ರ. ಅದರಿಂದ ಒಂದು ಸೇರು ಅಕ್ಕಿ ಬರುವುದಿಲ್ಲ.

ಮಾರ್ಗಸೂಚಿ ಪಟ್ಟಿ ನೋಡುವುದು ಸರ್ವೆ ನಂಬರು, ಬಡಾವಣೆ, ರಸ್ತೆ. ಹೆದ್ದಾರಿಗೆ ತಾಗಿದ ಜಾಗಕ್ಕೆ ಬೆಲೆ ಹೆಚ್ಚು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಬಂದದ್ದು ಇದೇ ಹೆದ್ದಾರಿಯ ಮೇಲೆ. ಗಂಗಾವಳಿಯ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಮಣ್ಣು ನುಗ್ಗಿತು. ಹೆದ್ದಾರಿ ಹತ್ತಿರ ಬಂದರೆ ಬೆಲೆ ಮಾತ್ರ ಬರುವುದಲ್ಲ ಎಂಬುದಕ್ಕೆ ಪಟ್ಟಿಯಲ್ಲಿ ಕಾಲಮು ಇಲ್ಲ.

ಕೊಡುವಾಗ ಒಂದು ಬೆಲೆ, ಕೇಳುವಾಗ ಒಂದು ಬೆಲೆ

ಜಾಗ ಕಳಕೊಂಡವರಿಗೆ ಈ ಮಾರ್ಗಸೂಚಿ ದರದ ಇನ್ನೊಂದು ಮುಖ ಗೊತ್ತಿದೆ. ಸೀಬರ್ಡ್‌ಗೆ ಭೂಮಿ ಕೊಟ್ಟ ಕಾರವಾರ, ಅಂಕೋಲಾದ ಹಳ್ಳಿಗಳ ಸಂಸಾರಗಳು ಪರಿಹಾರದ ಮೊತ್ತಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವು. ಸರಕಾರ ನಮ್ಮ ಜಾಗ ಎತ್ತಿಕೊಳ್ಳುವಾಗ ‘ಇದರ ಬೆಲೆ ಇಷ್ಟೇ’ ಅನ್ನುತ್ತದೆ. ತೆರಿಗೆ ಕೇಳುವಾಗ ‘ಇದರ ಬೆಲೆ ಅಷ್ಟುಂಟು’ ಅನ್ನುತ್ತದೆ. 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಸ್ವಲ್ಪ ಸರಿಹೋಯಿತು. ಮಾರ್ಗಸೂಚಿ ದರ ಮತ್ತು ಅಕ್ಕಪಕ್ಕದ ಕ್ರಯಪತ್ರಗಳ ಸರಾಸರಿ, ಇವೆರಡರಲ್ಲಿ ಹೆಚ್ಚಿನದನ್ನು ಹಿಡಿದು, ಹಳ್ಳಿಯಾದರೆ ಅದನ್ನು ಇನ್ನಷ್ಟು ಗುಣಿಸಿ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿಸಬೇಕು ಎಂದಾಯಿತು. ಹೀಗಾಗಿ ಇವತ್ತು ಮಾರ್ಗಸೂಚಿ ದರ ಕಡಿಮೆ ಇರಲಿ ಎಂದು ತೆರಿಗೆಗೆ ಹೆದರಿ ಬೇಡುವವನೇ ನಾಳೆ ವಿಮಾನ ನಿಲ್ದಾಣಕ್ಕೋ ರೈಲಿಗೋ ಜಾಗ ಹೋದಾಗ ಅಯ್ಯೋ ಅನ್ನಬೇಕಾಗುತ್ತದೆ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ಚಾಳಿಯೂ ಇದೇ ಬಾವಿಗೆ ಬೀಳುವ ದಾರಿ. ಅದು ಸುಳ್ಳು ಬರಹ ಎಂಬುದು ಬೇರೆಯೇ ಮಾತು, ಆ ಪಾಪವನ್ನು ನಮ್ಮವರೂ ಕಡಿಮೆ ಮಾಡಿಲ್ಲ. ಹಾಗಾಗಿ ಬೆಲೆ ಕಡಿಮೆ ಬರೆಯಿರಿ ಎಂದು ಕೇಳುವುದು ನನಗೆ ಒಪ್ಪಿಗೆಯಿಲ್ಲ. ಬೆಲೆ ಸರಿಯಾಗಿಯೇ ಬರೆಯಲಿ. ತೆರಿಗೆ ಹಾಕುವಾಗ ಬೆಲೆ ಒಂದನ್ನೇ ನೋಡಬೇಡಿ ಎಂದಷ್ಟೇ ಕೇಳುವುದು.

ಇನ್ನೊಂದು ಕಹಿ ವಿಷಯ. ನಮ್ಮಲ್ಲಿ ದೊಡ್ಡ ಮನೆಗೆ ಹೆಚ್ಚುವರಿ ತೆರಿಗೆ ಇಲ್ಲ ಎಂದೆನಲ್ಲ, ಕಾಗದವಿಲ್ಲದ ಮನೆಗೆ ಇದೆ! 2025ರ ಫೆಬ್ರವರಿಯಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತೆ ಅಭಿಯಾನ ಶುರುವಾಯಿತು. 2024ರ ಸೆಪ್ಟೆಂಬರ್ 10ಕ್ಕಿಂತ ಮೊದಲಿನ ಅನಧಿಕೃತ ಆಸ್ತಿಗಳಿಗೆ ಒಂದು ಸಲ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡು ಖಾತೆ ಕೊಡುವುದು. ಖಾತೆ ಸಿಕ್ಕಿತು, ಸಂತೋಷವೇ. ಆದರೆ ಇಂಥ ಮನೆ ಯಾರದ್ದು? ಲೇಔಟು ಮಂಜೂರಾತಿ ಇಲ್ಲದ ಕಡೆ ಮೂರು ಸೆಂಟ್ಸು ಕೊಂಡು ಕಟ್ಟಿಕೊಂಡವರದ್ದೇ ಹೆಚ್ಚು. ಬಂಗಲೆ ಕಟ್ಟಿಸುವವನು ಮೊದಲು ವಕೀಲರನ್ನು ಕಂಡು ಕಾಗದ ಸರಿಮಾಡಿಕೊಂಡೇ ಕಲ್ಲು ಹಾಕಿಸುತ್ತಾನೆ. ದುಪ್ಪಟ್ಟು ಎಂಬ ಮಾತು ಮೊದಲು ತಾಗಿದ್ದು ಕೆಳಗಿನವರಿಗೆ.

ಝಕಾತ್ ಏನು ನೋಡುತ್ತದೆ

ಮದ್ರಸದಲ್ಲಿ ಪಾಠ ಹೇಳುವವನಿಗೆ ಮೊದಲು ಬರುವ ಪ್ರಶ್ನೆ ಇದು: ‘ಉಸ್ತಾದ್, ಘರಪಟ್ಟಿ ಕಟ್ಟುತ್ತೇವಲ್ಲ, ಅದು ಝಕಾತ್‌ಗೆ ಸಲ್ಲುತ್ತದಾ?’ ಸಲ್ಲುವುದಿಲ್ಲ. ಅದು ಊರಿನ ದೀಪ, ನೀರು, ಗಟಾರಕ್ಕೆ ಕೊಡುವುದು, ಇದು ಬೇರೆ ಹಕ್ಕು. ಆದರೆ ಝಕಾತ್ ಯಾವುದರ ಮೇಲೆ ಬೀಳುತ್ತದೆ, ಯಾವುದರ ಮೇಲೆ ಬೀಳುವುದಿಲ್ಲ ಎಂದು ನೋಡಿದರೆ ತೆರಿಗೆಯ ನ್ಯಾಯಕ್ಕೂ ಒಂದು ದಾರಿ ಕಾಣುತ್ತದೆ.

ನಾವು ವಾಸಿಸುವ ಮನೆಗೆ ಝಕಾತ್ ಇಲ್ಲ, ಅದು ಎಷ್ಟೇ ಬೆಲೆಬಾಳಲಿ. ಬಾಡಿಗೆಗೆ ಕೊಟ್ಟ ಮನೆಯಾದರೆ ಕಟ್ಟಡದ ಮೇಲೆ ಇಲ್ಲ, ಬಾಡಿಗೆ ಉಳಿದು ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಆ ಹಣದ ಮೇಲೆ ಇದೆ. ಮಾರಿ ಲಾಭ ಮಾಡಬೇಕೆಂಬ ನಿಯ್ಯತ್ತಿನಿಂದ ಕೊಂಡಿಟ್ಟ ಸೈಟು, ಮನೆ ಇದ್ದರೆ ಅದು ವ್ಯಾಪಾರದ ಸರಕು. ಪ್ರತಿ ವರ್ಷ ಆಗಿನ ಮಾರುಕಟ್ಟೆ ಬೆಲೆ ಕಟ್ಟಿ ಶೇ. ಎರಡೂವರೆ ಕೊಡಬೇಕು. ಗೋಡೆ ಒಂದೇ, ಸಿಮೆಂಟು ಒಂದೇ, ಒಳಗೆ ಬಾಳುವುದೋ ಬೆಳೆಸಿ ಮಾರುವುದೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಬೆಳೆಯ ಝಕಾತ್‌ನಲ್ಲೂ ಹಾಗೆಯೇ. ಮಳೆ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಫಸಲು ಎಷ್ಟು ಬಂತು ಎಂಬುದರ ಜೊತೆಗೆ ರೈತನ ಬೆವರನ್ನೂ ಕೇಳಿತು.

ಸರಕಾರದ ತೆರಿಗೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಖರಾಜ್, ಅಂದರೆ ಭೂಕಂದಾಯ. ಖಲೀಫ ಉಮರ್ ಅವರ ಕಾಲದಲ್ಲಿ ಇರಾಕಿನ ಭೂಮಿ ಅಳೆದಾಗ ಗೋಧಿಗೆ ಬೇರೆ, ಬಾರ್ಲಿಗೆ ಬೇರೆ, ದ್ರಾಕ್ಷಿ ತೋಟಕ್ಕೆ ಬೇರೆ ದರ ಹಾಕಿದರು. ಮುಂದೆ ಹಾರೂನ್ ರಶೀದರ ಕಾಲಕ್ಕೆ ಖಾಝಿ ಅಬೂ ಯೂಸುಫರು ಖಲೀಫರಿಗೆಂದೇ ‘ಕಿತಾಬುಲ್ ಖರಾಜ್’ ಬರೆದರು. ಭೂಮಿಯ ಅಳತೆಗೆ ಇಷ್ಟು ಎಂದು ಕಡ್ಡಾಯ ಮಾಡುವುದರ ಬದಲು ಬಂದ ಫಸಲಿನಲ್ಲಿ ಪಾಲು ತೆಗೆದುಕೊಳ್ಳುವುದು ಮೇಲು ಎಂಬುದು ಅವರ ಸಲಹೆ. ಫಸಲು ಬಾರದ ವರ್ಷ ಅಳತೆಯ ತೆರಿಗೆ ರೈತನನ್ನು ಓಡಿಸಿಬಿಡುತ್ತದೆ. ನಮ್ಮ ಹಂಚಿನ ಮನೆಯವನ 5,000 ರೂಪಾಯಿಗೂ ಇದೇ ಮಾತು.

ನಮ್ಮ ದೇಶದ ಕಾನೂನಿಗೂ ಈ ಬುದ್ಧಿ ಒಂದು ಕಾಲಕ್ಕೆ ಇತ್ತು. 1957ರಿಂದ 2015ರವರೆಗೆ ಕೇಂದ್ರದ ಸಂಪತ್ತು ತೆರಿಗೆ ಇತ್ತು. ಕೊನೆಯ ವರ್ಷಗಳಲ್ಲಿ 30 ಲಕ್ಷಕ್ಕಿಂತ ಹೆಚ್ಚಿನ ಸಂಪತ್ತಿಗೆ ಶೇ. 1. ಅದರಲ್ಲಿ ಒಂದು ಮನೆಗೆ ವಿನಾಯಿತಿ, ವರ್ಷದಲ್ಲಿ 300 ದಿನ ಬಾಡಿಗೆಗೆ ಕೊಟ್ಟ ಮನೆಗೂ ವಿನಾಯಿತಿ. ಹಾಗಾದರೆ ಸಿಕ್ಕಿಬೀಳುವುದು ಯಾವುದು? ಬೀಗ ಹಾಕಿಟ್ಟ ಎರಡನೇ ಮನೆ, ಮೂರನೇ ಮನೆ. ವಸೂಲಿ ಬಹಳ ಕಡಿಮೆ ಆಗುತ್ತಿತ್ತು, 2013–14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ರೂಪಾಯಿ. ಕಷ್ಟ ಜಾಸ್ತಿ, ಹಣ ಕಡಿಮೆ ಎಂದು ಅರುಣ್ ಜೇಟ್ಲಿಯವರು 2015ರ ಬಜೆಟ್‌ನಲ್ಲಿ ಅದನ್ನು ತೆಗೆದು, ಒಂದು ಕೋಟಿಗಿಂತ ಹೆಚ್ಚು ಆದಾಯದವರಿಗೆ ಶೇ. 2 ಮೇಲ್ತೆರಿಗೆ ಹಾಕಿದರು. ವಸೂಲಿ ಮಾಡಲಾಗದ ತೆರಿಗೆ ಎಷ್ಟು ನ್ಯಾಯದ್ದಾದರೂ ಉಳಿಯುವುದಿಲ್ಲ. ಆದರೆ ದೆಹಲಿಗೆ ಕಾಣದ ಬೀಗ ಪುರಸಭೆಯ ಬಿಲ್ ಕಲೆಕ್ಟರಿಗೆ ಕಾಣುತ್ತದೆ. ನೀರಿನ ಮೀಟರು ತಿರುಗದಿದ್ದರೆ ಮನೆಯಲ್ಲಿ ಯಾರೂ ಇಲ್ಲ, ಅಷ್ಟೇ. ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆ ತೆರಿಗೆ ಹಾಕುತ್ತಿದೆ, ಈಗ ಬೆಲೆಯ ಶೇ. 3. ನಿಜವಾಗಿ ಅದು ದಂಡ, ಬಾಡಿಗೆಗೆ ಕೊಟ್ಟರೆ ಅದು ಇಲ್ಲ.

ಕಾರವಾರದಲ್ಲಿ ಬಾಡಿಗೆ ಮನೆ ಹುಡುಕಿದವರನ್ನು ಕೇಳಿ ನೋಡಿ. ನೌಕಾನೆಲೆಗೆ ಕೆಲಸಕ್ಕೆ ಬಂದವರು, ಕೈಗಾ ಕಡೆಯವರು, ಮೆಡಿಕಲ್ ಕಾಲೇಜಿನ ಮಕ್ಕಳು, ಮೀನಿನ ಸೀಸನ್ನಿಗೆ ಬರುವ ನಮ್ಮವರು, ಎಲ್ಲರಿಗೂ ಮನೆ ಬೇಕು. ಹೆಸರು ಕೇಳಿ ‘ಮನೆ ಖಾಲಿ ಇಲ್ಲ’ ಅನ್ನುವುದು ಬೇರೆ. ಆಚೆಗೆ ನೋಡಿದರೆ ಸಮುದ್ರ ಕಾಣುವ ಹೊಸ ಮನೆಗಳಿಗೆ ಡಿಸೆಂಬರ್ ಬಿಟ್ಟರೆ ವರ್ಷವಿಡೀ ಬೀಗ. ಇಂಥವುಗಳ ಮೇಲೆ ಆ ಎರಡು ಪಟ್ಟು ಹಾಕಿದರೆ ನನಗೆ ಒಂದು ಚೂರೂ ಬೇಸರವಿಲ್ಲ.

ನಮ್ಮ ಅಂಗಳದ ಮಾತೂ ಸ್ವಲ್ಪ ಆಡಬೇಕು. ಬೀಗದ ಮನೆಗಳಲ್ಲಿ ನಮ್ಮವರದ್ದೂ ಇವೆ. ಮಗ ದಮ್ಮಾಮಿನಲ್ಲಿ, ಇನ್ನೊಬ್ಬ ಮಸ್ಕತ್ತಿನಲ್ಲಿ, ಎಂಟು ಕೋಣೆಯ ಮನೆಯಲ್ಲಿ ಉಮ್ಮ ಒಬ್ಬರೇ. ಮೇಲಿನ ಮಾಳಿಗೆಯ ಮೆಟ್ಟಿಲನ್ನು ಮಂಡಿ ನೋವಿನ ಆ ಹೆಂಗಸು ವರ್ಷಗಳಿಂದ ಹತ್ತಿಲ್ಲ. ಮನೆ ಒಕ್ಕಲಿನ ದಿನ ಬಂದ ಜನ ‘ಮಾಶಾ ಅಲ್ಲಾಹ್’ ಎಂದದ್ದಷ್ಟೇ ಆ ಕೋಣೆಗಳ ಉಪಯೋಗ. ಇಂಥ ಮನೆಗೆ ಹೆಚ್ಚುವರಿ ತೆರಿಗೆ ಬಿದ್ದರೆ ಕೊಡಬೇಕಾದದ್ದು ದಮ್ಮಾಮಿನ ಮಗ, ಕೊಡಬಲ್ಲ ಕೂಡ. ಅದೇ ಗಂಡ ತೀರಿಹೋಗಿ, ಮಕ್ಕಳ ಹಣವೂ ಬಾರದೆ, ದೊಡ್ಡ ಮನೆಯಲ್ಲಿ ಒಬ್ಬಳೇ ಉಳಿದ ಹೆಂಗಸಿದ್ದಾಳಲ್ಲ, ಅವಳನ್ನು ಇವನ ಜೊತೆಗೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ಮನೆ ತೆರಿಗೆಯನ್ನು ಮುಂದೂಡಬಹುದು. ಸರಕಾರವೇ ಸಾಲವೆಂದು ಬರೆದುಕೊಂಡು ಮನೆ ಮಾರುವಾಗ ವಸೂಲು ಮಾಡುತ್ತದೆ. ಬಡ್ಡಿ ಸೇರಿಸುತ್ತಾರೆ, ಆ ಭಾಗ ನಮಗೆ ಒಗ್ಗುವುದಿಲ್ಲ. ಬಡ್ಡಿ ಬಿಟ್ಟು ಇದನ್ನು ಮಾಡಲು ಪುರಸಭೆಗೆ ಏನು ಕಷ್ಟ? ಹಣ ಎಲ್ಲಿಗೂ ಓಡಿಹೋಗುವುದಿಲ್ಲ, ಮನೆಯ ತಲೆಯ ಮೇಲೆಯೇ ಇರುತ್ತದೆ.

ಪಾಲಾಗದ ಮನೆಯದ್ದು ಇನ್ನೊಂದು ತೊಡಕು, ಬಹುಶಃ ನಮ್ಮ ಸಮುದಾಯದಲ್ಲಿ ಎಲ್ಲಕ್ಕಿಂತ ದೊಡ್ಡದು. ಅಜ್ಜ ತೀರಿ ಮೂವತ್ತು ವರ್ಷವಾದರೂ ಖಾತೆ ಅಜ್ಜನ ಹೆಸರಿನಲ್ಲೇ. ಶರೀಅತ್ತಿನ ಪಾಲು ನೋಡಿದರೆ ಹನ್ನೆರಡು ಜನ ಹಕ್ಕುದಾರರು. ಒಳಗೆ ಮೂರು ಒಲೆ ಉರಿಯುತ್ತದೆ. ಕಾಗದದಲ್ಲಿ ಮಾತ್ರ ಅದು ಒಂದೇ ಮನೆ, ಒಂದೇ ಬೆಲೆ. ‘ಬೆಲೆಬಾಳುವ ಮನೆಗೆ ಹೆಚ್ಚುವರಿ’ ಎಂಬ ಗೆರೆಯನ್ನು ನಾಳೆ 60 ಲಕ್ಷಕ್ಕೆ ಎಳೆದರೆ 70 ಲಕ್ಷದ ಈ ಮನೆ ಶ್ರೀಮಂತರ ಪಟ್ಟಿಗೆ ಸೇರುತ್ತದೆ. ಸರಾಸರಿ ತೆಗೆದರೆ ಒಬ್ಬೊಬ್ಬರಿಗೆ ಆರು ಲಕ್ಷವೂ ಇಲ್ಲ. 50 ಲಕ್ಷದ ಮೂರು ಫ್ಲಾಟು ಇಟ್ಟುಕೊಂಡವನು ಪಟ್ಟಿಯ ಹೊರಗೆ. ಆದ್ದರಿಂದ ಲೆಕ್ಕ ಮನೆಗೊಂದರಂತೆ ಬೇಡ, ಮನುಷ್ಯನಿಗೊಂದರಂತೆ ಬೇಕು. ಒಬ್ಬನ ಹೆಸರಿನಲ್ಲಿ ಎಷ್ಟು ಮನೆ ಇದೆ, ಅವನು ಬಾಳುವುದು ಯಾವುದರಲ್ಲಿ ಎಂದು ನೋಡಲಿ. ಇ-ಖಾತೆ ಬಂದ ಮೇಲೆ, ಕನಿಷ್ಠ ಒಂದು ಊರಿನೊಳಗೆ, ಇದು ಆಗದ ಕೆಲಸವಲ್ಲ. ಬಾಳುವ ಮನೆಯನ್ನು ಬೇರೆ ಮಾಡಿ ನೋಡುವುದೂ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರು ಮಹಾನಗರ ಪಾಲಿಕೆ 2008ರಲ್ಲಿ ತಂದ ಪದ್ಧತಿಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಯ ದರಕ್ಕಿಂತ ದುಪ್ಪಟ್ಟು ಇತ್ತು. ನನ್ನನ್ನು ಕೇಳಿದರೆ ಬಾಡಿಗೆಗೆ ಕೊಟ್ಟವನನ್ನು ಬಿಟ್ಟು ಬೀಗ ಹಾಕಿದವನಿಗೆ ದುಪ್ಪಟ್ಟು ಹಾಕಬೇಕಿತ್ತು.

ಪಾಲು ಮಾಡುವುದು ಮಾತ್ರ ಸರಕಾರದ ಕೆಲಸವಲ್ಲ, ನಮ್ಮದು. ಹಕ್ಕುದಾರರೆಲ್ಲ ಕೂತು ಪಾಲುಪಟ್ಟಿ ಬರೆಸಿ, ನೋಂದಾಯಿಸಿ, ಒಬ್ಬೊಬ್ಬರ ಹೆಸರಿಗೆ ಖಾತೆ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಪಾಲು ಬಿಡಿಸಿ ಕೊಡಲು ಮನಸ್ಸಿಲ್ಲದೆ ಖಾತೆಯನ್ನು ಅಜ್ಜನ ಹೆಸರಿನಲ್ಲೇ ಮಲಗಿಸಿಟ್ಟ ಮನೆಗಳು ಉಂಟು. ಅಂಥವರು ತೆರಿಗೆಯ ಅನ್ಯಾಯದ ಬಗ್ಗೆ ಮಾತಾಡುವಾಗ ನನಗೆ ಕೇಳಲು ಕಷ್ಟವಾಗುತ್ತದೆ.

ಇನ್ನು ಮಾರ್ಗಸೂಚಿ ದರದ ವಿಷಯ. ದರ ಪರಿಷ್ಕರಣೆ ಮಾಡುವ ಮೊದಲು ಕರಡು ಪಟ್ಟಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಕಾರವಾರದಲ್ಲೂ ಅಂಕೋಲಾದಲ್ಲೂ ಉಪನೋಂದಣಿ ಕಚೇರಿ ಇದೆ, ಪಟ್ಟಿ ಅಲ್ಲಿ ನೋಡಲು ಸಿಗುತ್ತದೆ. ನಮ್ಮವರು ಅದನ್ನು ನೋಡುವುದು ರಿಜಿಸ್ಟ್ರಿಯ ದಿನ, ಅಷ್ಟರಲ್ಲಿ ಆಕ್ಷೇಪಣೆಯ ದಿನಗಳು ಮುಗಿದಿರುತ್ತವೆ. ಅರ್ಜಿಗೆ ದೊಡ್ಡ ವಿದ್ಯೆ ಬೇಡ. ಸರ್ವೆ ನಂಬರು, ಜಾಗಕ್ಕೆ ದಾರಿ ಎಷ್ಟು ಅಗಲ, ಮಳೆಗಾಲದಲ್ಲಿ ನೀರು ನಿಲ್ಲುತ್ತದೋ, ಸಮುದ್ರ ತೀರದ ನಿಯಮದಿಂದ ಕಟ್ಟಡಕ್ಕೆ ಅಡ್ಡಿ ಇದೆಯೋ, ಹತ್ತಿರದ ಜಾಗ ಈಚೆಗೆ ಎಷ್ಟಕ್ಕೆ ಹೋಯಿತು ಎಂಬುದನ್ನು ತೋರಿಸುವ ಕ್ರಯಪತ್ರದ ನಕಲು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು. ತೆರಿಗೆಯ ದರ ನಿಗದಿಯಾಗುವುದು ಕೌನ್ಸಿಲಿನ ಸಭೆಯಲ್ಲಿ, ನಾವು ಓಟು ಹಾಕಿದ ಸದಸ್ಯರ ಎದುರಿಗೇ. ಬೀಗದ ಮನೆಗೆ ಬೇರೆ ದರ, ವಿಧವೆಯ ಮನೆಗೆ ಮುಂದೂಡಿಕೆ ಎಂಬ ಎರಡು ಮಾತನ್ನು ಅಲ್ಲಿ ಎತ್ತಲು ಹೇಳಿ. ಕಾನೂನಿನಲ್ಲಿ ಜಾಗವಿಲ್ಲ ಎಂದರೆ ಠರಾವು ಮಾಡಿ ಬೆಂಗಳೂರಿಗೆ ಕಳಿಸಲಿ. ಜುಮಾ ಕಳೆದು ಮಸೀದಿಯ ಮೆಟ್ಟಿಲ ಮೇಲೆ ಆಡುವ ಮಾತನ್ನೇ ಸ್ವಲ್ಪ ಮುಂದಕ್ಕೆ, ಪುರಸಭೆಯ ಮೆಟ್ಟಿಲವರೆಗೆ ಒಯ್ಯಬೇಕು.